ಹುಟ್ಟಿದ ಮಗುವಿಗೆ ವಿಟಮಿನ್ ಕೆ: ಇಂಜೆಕ್ಷನ್ನಾ, ಹನಿಯಾ? ಅನುಭವ ಇದ್ದವರು ಹೇಳಿ

ಚೊಚ್ಚಲು: ಮುಂದಿನ ತಿಂಗಳು ಹೆರಿಗೆ. ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು, ಮಗುವಿಗೆ ರಕ್ತಸ್ರಾವ ಆಗದಿರಲಿ ಎಂದು ಹುಟ್ಟಿದ ಕೂಡಲೇ ತೊಡೆಗೆ ಚುಚ್ಚುತ್ತೇವೆ ಎಂದು ಡಾಕ್ಟರ್ ಹೇಳಿದ್ದಾರೆ. ನಮ್ಮತ್ತೆ "ಕಣ್ಣು ಬಿಡುವ ಮೊದಲೇ ಸೂಜಿ ಯಾಕೆ, ಬಾಯಿಗೆ ಹನಿ ಹಾಕಿಸಿದರೆ ಆಗಲ್ವಾ" ಎನ್ನುತ್ತಾರೆ. ನಾನು ಚೆನ್ನಾಗಿ ಸೊಪ್ಪು ತಿಂದರೆ ಹಾಲಿನಲ್ಲೇ ಸಿಗುವುದಿಲ್ಲವೇ?

ಇಬ್ಬರಮ್ಮ: ನನ್ನ ಇಬ್ಬರಿಗೂ ಚುಚ್ಚಿಸಿದ್ದೇನೆ, ಯಾರ ಮಾತೂ ಕೇಳಲಿಲ್ಲ. ದೊಡ್ಡವನು ಹುಟ್ಟಿದಾಗ ವಾರ್ಡಿನಲ್ಲೇ ಜಗಳ ಆಯಿತು. ಅತ್ತೆ ಮಗುವನ್ನು ಅವಚಿಕೊಂಡು ನರ್ಸ್ ಕೈಗೆ ಕೊಡಲೇ ಇಲ್ಲ, ನಾನು ಹೊಲಿಗೆಯ ನೋವಿನಲ್ಲೇ ಎದ್ದು ಕೂತು ಇಸಿದುಕೊಂಡೆ. ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೂ ಇವತ್ತಿಗೂ ಅದೇ ಮಾಡುತ್ತೇನೆ. 1 ಮಿಲಿಗ್ರಾಂ, ಒಂದೇ ಸಲ, ಮಗು ಸ್ವಲ್ಪ ಅತ್ತು ಮಲಗಿತು. ಹಾಲಿನ ಆಸೆ ಬಿಡಿ. ತಾಯಿಹಾಲಿನಲ್ಲಿ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇರುತ್ತದೆ, ಸೊಪ್ಪು ತಿಂದು ತುಂಬಿಸುವಷ್ಟು ಅಲ್ಲ.

ಹನಿ ಹಾಕಿಸಿದವಳು: ಇಂಜೆಕ್ಷನ್ ಹಾಕಿಸದವರೆಲ್ಲ ಮಗುವಿನ ಶತ್ರುಗಳಲ್ಲ. ನಾವು ಹನಿ ಆರಿಸಿಕೊಂಡೆವು: ಹುಟ್ಟಿದಾಗ, ಮೊದಲ ವಾರದಲ್ಲಿ, ಮತ್ತೆ ತಿಂಗಳ ಹೊತ್ತಿಗೆ. ಸುಲಭ ಅಂತೂ ಅಲ್ಲ. ಒಂದು ಸಲ ಪೂರ್ತಿ ಕಕ್ಕಿಬಿಟ್ಟಳು, ಮತ್ತೆ ಹಾಕಬೇಕೋ ಬೇಡವೋ ಎಂದು ಕೇಳಲು ಅರ್ಧ ದಿನ ಫೋನ್ ಹಿಡಿದು ಕೂತೆ. ಕೊನೆಯ ಡೋಸ್ ಹೊತ್ತಿಗೆ ಔಷಧವೇ ಸಿಗದೆ ನಮ್ಮವರು ರಜೆ ಹಾಕಿ ಅಲೆದರು. ಮಗಳು ಈಗ ಶಾಲೆಗೆ ಹೋಗುತ್ತಾಳೆ, ಗಟ್ಟಿಯಾಗಿದ್ದಾಳೆ. 1992ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಈ ಇಂಜೆಕ್ಷನ್ನಿಗೂ ಮಕ್ಕಳ ಕ್ಯಾನ್ಸರಿಗೂ ನಂಟಿರಬಹುದು ಎಂದಿತ್ತು. ಅದನ್ನು ಓದಿದ ತಾಯಿಗೆ ಭಯ ಆಗುವುದಿಲ್ಲವೇ?

ಇಬ್ಬರಮ್ಮ: ಅಲ್ಲಿಗೇ ಓದು ನಿಲ್ಲಿಸಿದರೆ ಹೇಗೆ? 1993ರಲ್ಲಿ ಸ್ವೀಡನ್ನಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳ ದಾಖಲೆ ನೋಡಿದರು, ಅಂಥ ನಂಟು ಕಾಣಲಿಲ್ಲ. ಹಳೇ ಭಯವನ್ನು ಚೊಚ್ಚಲ ಬಸುರಿಯ ತಲೆಗೆ ತುಂಬಬೇಡಿ.

ಸೋದರಮಾವ: ನನ್ನ ತಂಗಿಯ ಮಗುವಿಗೆ ಇಂಜೆಕ್ಷನ್ನೂ ಇಲ್ಲ, ಹನಿಯೂ ಇಲ್ಲ. ಹೆರಿಗೆಯಾದ ಕಡೆ ಮರೆತರೋ ಬಿಟ್ಟರೋ, ಡಿಸ್ಚಾರ್ಜ್ ಚೀಟಿಯಲ್ಲಿ ನಮೂದೇ ಇರಲಿಲ್ಲ. ಬರೀ ಎದೆಹಾಲು ಕುಡಿಯುತ್ತಿದ್ದ ಮಗು. ಕಾಮಾಲೆ ಹೋಗಲೇ ಇಲ್ಲ, ಮಲ ಬೆಳ್ಳಗೆ ಬರುತ್ತಿತ್ತು, ಬೆನ್ನ ಮೇಲೆ ನೀಲಿ ಕಲೆ ಕಂಡಾಗ ಎತ್ತಿಕೊಂಡದ್ದಕ್ಕೆ ಆಗಿರಬೇಕು ಎಂದು ಎಲ್ಲರೂ ಸುಮ್ಮನಾದರು. ಎರಡನೇ ತಿಂಗಳಲ್ಲಿ ಫಿಟ್ಸ್ ಬಂತು. ಸ್ಕ್ಯಾನಿನಲ್ಲಿ ನೋಡಿದರೆ ಮೆದುಳಿನೊಳಗೆ ರಕ್ತಸ್ರಾವ. ಪಿತ್ತನಾಳ ಮುಚ್ಚಿಕೊಂಡಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಹನಿ ಹಾಕಿಸಿದವರೇ, ಇದನ್ನು ಕೇಳಿ: ಬಾಯಿಂದ ಕೊಟ್ಟ ವಿಟಮಿನ್ ಕೆ ಒಳಗೆ ಸೇರಬೇಕಾದರೆ ಪಿತ್ತರಸ ಬೇಕು. ಅಂಥ ಮಗುವಿಗೆ ಹನಿಯನ್ನು ನಂಬಿ ಕೂರಲು ಆಗುವುದಿಲ್ಲ, ಮತ್ತು ಯಾವ ಮಗು ಅಂಥದ್ದು ಎಂದು ಹುಟ್ಟಿದ ದಿನ ಮುಖ ನೋಡಿ ಹೇಳಲು ಬರುವುದಿಲ್ಲ. ಮಗು ಉಳಿದಿದೆ. ಬಲಗೈ ಇನ್ನೂ ಸರಿಯಾಗಿ ಎತ್ತುವುದಿಲ್ಲ, ಫಿಸಿಯೋಥೆರಪಿಗೆ ಓಡಾಡಿ ತಂಗಿ ಕೆಲಸ ಬಿಟ್ಟಳು.

ಹನಿ ಹಾಕಿಸಿದವಳು: ನಿಮ್ಮ ಕಷ್ಟಕ್ಕೆ ನನಗೂ ಸಂಕಟ ಆಗುತ್ತದೆ. ಆದರೆ ನಿಮ್ಮ ಮಗುವಿಗೆ ಏನೂ ಕೊಟ್ಟಿರಲಿಲ್ಲ, ನನ್ನ ಮಗಳಿಗೆ ಎಲ್ಲ ಡೋಸೂ ಹೋಗಿದೆ. ಎರಡನ್ನೂ ಒಂದೇ ಎನ್ನಬೇಡಿ.

ಲೋಹದ ವಾಲ್ವ್: ದೊಡ್ಡವರ ಕಷ್ಟವನ್ನೂ ಕೇಳಿ. ನನಗೆ ಹೃದಯದ ಮೈಟ್ರಲ್ ಕವಾಟದ ಜಾಗದಲ್ಲಿ ಲೋಹದ ವಾಲ್ವ್ ಇದೆ, ಜೀವನಪೂರ್ತಿ ವಾರ್ಫರಿನ್, ಅಂದರೆ ವಿಟಮಿನ್ ಕೆಗೆ ಎದುರಾಗಿ ಕೆಲಸ ಮಾಡಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್ಆರ್ ಲೆಕ್ಕ 2.5ರಿಂದ 3.5ರೊಳಗೆ ಇರಬೇಕು. ಮನೆಯವರೆಲ್ಲ "ಸೊಪ್ಪಿನಲ್ಲಿ ಕೆ ಇದೆ, ಮುಟ್ಟಲೇಬೇಡಿ" ಎಂದು ಪೂರ್ತಿ ನಿಲ್ಲಿಸಿದರು. ಐಎನ್ಆರ್ 5 ದಾಟಿ ಒಸಡಿನಲ್ಲಿ ರಕ್ತ. ಆಮೇಲೆ ನೆಂಟರ ಮನೆಯಲ್ಲಿ ಪಾಲಕ್ ಬಡಿಸಿಯೇ ಬಡಿಸಿದರು, 1.6ಕ್ಕೆ ಇಳಿಯಿತು, ವಾಲ್ವಿನಲ್ಲಿ ಹೆಪ್ಪುಗಟ್ಟುತ್ತದೆ ಎಂದು ಹೊಟ್ಟೆಗೆ ಚುಚ್ಚುಮದ್ದು ಶುರು. ಹಲ್ಲಿನ ಸೋಂಕಿಗೆ ಮೆಟ್ರೊನಿಡಜೋಲ್ ಕೊಟ್ಟಾಗ ಮತ್ತೆ ಏರಿತು. ಡೋಸ್ ಬದಲಿಸಿದರೆ ಪರಿಣಾಮ ತಿಳಿಯಲು ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಮತ್ತೆ ರಕ್ತ ತೆಗೆಸು, ಕಾಯಿ. ಸೊಪ್ಪು ಬಿಡಬೇಕಾಗಿಲ್ಲ ಸ್ವಾಮಿ, ದಿನಾ ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಬೇಕು. ಇದನ್ನು ಮೊದಲ ದಿನವೇ ಯಾಕೆ ಹೇಳುವುದಿಲ್ಲ?

ಮೂಳೆ ಗಟ್ಟಿ: ನೀವು ವಿಟಮಿನ್ ಕೆಯ ಇನ್ನೊಂದು ಬಗೆ ಕೆ2 ತಗೊಳ್ಳಿ. ನಾನು ಅದರದೇ ಒಂದು ರೂಪವಾದ ಎಂಕೆ7 ಮಾತ್ರೆ ಶುರು ಮಾಡಿದ ಮೇಲೆ ಸೊಂಟ ನೋವೇ ಇಲ್ಲ. ರಕ್ತನಾಳದ ಸುಣ್ಣವನ್ನು ಮೂಳೆಗೆ ಕಳಿಸುತ್ತದೆ ಅಂತಾರೆ. ಜಪಾನಿನಲ್ಲಿ ಕೆ2ವನ್ನು ಮೂಳೆ ಸವೆತಕ್ಕೆ ಔಷಧವಾಗಿಯೇ ಕೊಡುತ್ತಾರೆ.

ಲೋಹದ ವಾಲ್ವ್: ಜಪಾನಿನದು ಎಂಕೆ4, ದಿನಕ್ಕೆ 45 ಮಿಲಿಗ್ರಾಂ, ಡಾಕ್ಟರ್ ಬರೆದುಕೊಡುವ ಔಷಧ. ನಿಮ್ಮ ಮಾತ್ರೆ ಮೈಕ್ರೋಗ್ರಾಂ ಲೆಕ್ಕದ್ದು, ಬೇರೆಯೇ ರೂಪ. ವಾರ್ಫರಿನ್ ಮೇಲಿರುವವನಿಗೆ ಅಷ್ಟು ಎಂಕೆ7 ಸಾಕು, ಐಎನ್ಆರ್ ಕೆಳಗಿಳಿಯಲು. ನಿಮ್ಮ ಮಾತು ಕೇಳಿ ಯಾರಾದರೂ ತಗೊಂಡು ಪಾರ್ಶ್ವವಾಯು ಹೊಡೆದರೆ ನೀವು ಬಂದು ನೋಡಿಕೊಳ್ಳುತ್ತೀರಾ?

ಮೂಳೆ ಗಟ್ಟಿ: ನನಗೆ ಆದ ಒಳ್ಳೆಯದನ್ನು ಹೇಳಿದೆ. ಇಷ್ಟು ರೇಗುವ ಅಗತ್ಯ ಇಲ್ಲ.

ಚೊಚ್ಚಲು: ದಯವಿಟ್ಟು ಜಗಳ ಬೇಡ. ಅತ್ತೆಗೆ ಏನು ಹೇಳಲಿ?

ಸೋದರಮಾವ: ಮುಂದಿನ ತಪಾಸಣೆಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ. ನೀವು ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಈಗಲೇ ತಿಳಿಸಿ, ಅಂಥ ಕೆಲವು ಮಾತ್ರೆಗಳಿಂದ ಮಗುವಿಗೆ ಮೊದಲ ದಿನವೇ ರಕ್ತಸ್ರಾವ ಆಗಬಹುದು. ಚುಚ್ಚಿದ ಮೇಲೆ ಚೀಟಿಯಲ್ಲಿ ಬರೆದಿದ್ದಾರಾ ಎಂದು ನೀವೇ ಓದಿ ನೋಡಿ.

ಹನಿ ಹಾಕಿಸಿದವಳು: ಹನಿ ಹಾಕಿಸಿದರೂ ಚೀಟಿಯಲ್ಲಿ ಬರೆಸಬಹುದು, ಅದನ್ನೂ ಹೇಳಿ.

ಇಬ್ಬರಮ್ಮ: ಮತ್ತೆ ಶುರು ಮಾಡಿದಿರಾ?