ಕೈರೋ, ಅಮ್ಮಾನ್, ದೋಹಾ: ಬೆಳಗಿನ ತಿಂಡಿ ಎಲ್ಲಿ, ಹೇಗೆ?

ಕೇಳಿದ್ದು

ಜನವರಿ ಮೊದಲ ವಾರ ಅಪ್ಪನೊಂದಿಗೆ ಕೈರೋಗೆ ಹೊರಟಿದ್ದೇನೆ. ಅಲ್ಲಿಂದ ಅಮ್ಮಾನ್, ಮರಳುವಾಗ ದೋಹಾದಲ್ಲಿ ಒಂದು ಹಗಲು. ಬ್ರೆಡ್ಡು, ಜಾಮು ತಿನ್ನಲು ಅಷ್ಟು ದೂರ ಹೋಗಬೇಕೆ? ಊರಿನವರು ಬೆಳಿಗ್ಗೆ ಎಲ್ಲಿ ಕೂತು ತಿನ್ನುತ್ತಾರೋ ಅಲ್ಲೇ ತಿನ್ನುವ ಆಸೆ. ತೊಡಕು ಇಷ್ಟೆ: ನಾನು ಮೊಟ್ಟೆ ತಿನ್ನುತ್ತೇನೆ, ಅಪ್ಪ ಅದನ್ನೂ ಮುಟ್ಟುವುದಿಲ್ಲ. ಅವರಿಗೆ ಎಪ್ಪತ್ತೊಂದು. ಎಂಟು ಗಂಟೆಯೊಳಗೆ ಹೊಟ್ಟೆಗೆ ಏನಾದರೂ ಬೀಳದಿದ್ದರೆ ಮಾತು ನಿಲ್ಲಿಸಿಬಿಡುತ್ತಾರೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಕೈರೋದಲ್ಲಿ ಮೂರು ವರ್ಷ ಇದ್ದ ಧಾರವಾಡದವರು

ನಿಮ್ಮ ತಂದೆಯವರಿಗೆ ಕೈರೋದಷ್ಟು ಸಲೀಸಾದ ಊರು ಸಿಗುವುದು ಕಷ್ಟ. ಅಲ್ಲಿ ಬೆಳಗಾಗುವುದೇ ಫೂಲ್‌ನಿಂದ. ಒಣಗಿದ ಫಾವಾ ಕಾಳನ್ನು ಕಿರಿಗಂಟಲಿನ ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ರಾತ್ರಿಯಿಡೀ ಬೇಯಿಸಿರುತ್ತಾರೆ. ಗಾಡಿಯವನು ಉದ್ದ ಹಿಡಿಯ ಸೌಟನ್ನು ಆ ಗಂಟಲೊಳಗೆ ಇಳಿಸಿ, ತೆಗೆದು, ತಟ್ಟೆಯಲ್ಲಿ ಕಿವುಚಿ, ಜೀರಿಗೆ ಪುಡಿ, ನಿಂಬೆರಸ, ಎಣ್ಣೆ ಹಾಕಿಕೊಡುತ್ತಾನೆ. ಎಣ್ಣೆ ಯಾವುದೆಂದು ಕೇಳಿದರೆ ‘ಝೇತ್ ಹಾರ್’ ಎನ್ನಿ. ಪದಕ್ಕೆ ‘ಬಿಸಿ ಎಣ್ಣೆ’ ಎಂದರ್ಥ, ವಾಸ್ತವದಲ್ಲಿ ಅದು ಅಗಸೆ ಎಣ್ಣೆ. ಮೊದಲ ದಿನ ಆ ವಾಸನೆ ಮೂಗಿಗೆ ಬಡಿದಾಗ ನಮ್ಮ ಮನೆಯ ಅಗಸೆ ಚಟ್ನಿಯ ಡಬ್ಬಿ ನೆನಪಾಗಿ, ಗಾಡಿಯ ಪಕ್ಕದಲ್ಲಿ ಒಬ್ಬಳೇ ನಿಂತು ನಕ್ಕಿದ್ದೆ. ಬೆಣ್ಣೆ, ತುಪ್ಪ ಹಾಕಿದ ಫೂಲ್ ಕೂಡ ಇದೆ, ನನಗೆ ಅದು ಹಿಡಿಸಲಿಲ್ಲ.

ಜೊತೆಗೆ ತಅಮಿಯಾ ತೆಗೆದುಕೊಳ್ಳಿ. ಫಲಾಫೆಲ್ ಎಂದರೆ ಕಡಲೆಯದು ಎಂದುಕೊಂಡಿರುತ್ತೇವೆ, ಈಜಿಪ್ಟಿನದು ಸಿಪ್ಪೆ ತೆಗೆದ ಫಾವಾ ಕಾಳಿನದು. ಕೊತ್ತಂಬರಿ, ಸಬ್ಬಸಿಗೆಯಂಥ ಸೊಪ್ಪು ಅರೆದು ಸೇರಿಸುವುದರಿಂದ ಮುರಿದರೆ ಒಳಗೆ ಹಸಿರು. ನಮ್ಮ ಆಂಬೊಡೆ ನಾಲ್ಕಾರು ಸಾವಿರ ಕಿಲೋಮೀಟರ್ ದೂರದಲ್ಲಿ ಯಾರನ್ನೋ ಮದುವೆಯಾಗಿ ಸುಖವಾಗಿದ್ದಂತೆ. ಎಣ್ಣೆಯಿಂದ ಆಗತಾನೆ ತೆಗೆದದ್ದನ್ನೇ ಕೇಳಿ, ಆರಿದ್ದು ಬೇಡ. ತವುಡು ಅಂಟಿದ ಐಶ್ ಬಲದಿ ರೊಟ್ಟಿಯನ್ನು ಹರಿದು, ಅದರಿಂದಲೇ ಬಾಚಿಕೊಂಡು ತಿನ್ನಬೇಕು. ಚಮಚ ಕೇಳಿದರೆ ಕೊಡುತ್ತಾರೆ, ಕೊಂಚ ಮರುಕದಿಂದ.

ಈಗ ಮುಖ್ಯ ಮಾತು. ‘ಸಸ್ಯಾಹಾರಿ’ ಎಂದು ವಿವರಿಸಲು ಒದ್ದಾಡಬೇಡಿ, ಮಾಂಸ ಬೇಡವೆಂದರೆ ಕೋಳಿ ಸರಿಯೇ ಎಂದು ಕೇಳುವವರಿದ್ದಾರೆ. ‘ಸಿಯಾಮಿ’ ಎನ್ನಿ. ಕಾಪ್ಟಿಕ್ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ, ಮಾಂಸ, ಮೊಟ್ಟೆ, ಹಾಲು ಸೇರದ ಊಟದ ಹೆಸರು ಅದು. ಅವರ ಕ್ರಿಸ್ಮಸ್ ಜನವರಿ 7ಕ್ಕೆ, ಅದಕ್ಕೂ ಮೊದಲು 43 ದಿನಗಳ ಉಪವಾಸ. ನೀವು ಹೋಗುವ ಹೊತ್ತಿಗೆ ಆ ಪದ ಎಲ್ಲರ ಬಾಯಲ್ಲಿರುತ್ತದೆ. ಆದರೆ ಆ ಉಪವಾಸದಲ್ಲಿ ಮೀನು ನಡೆಯುತ್ತದೆ, ಮೀನು ಬೇಡವೆಂಬುದನ್ನು ಬೇರೆಯಾಗಿಯೇ ಹೇಳಿ.

ಮೈಸೂರಿನ ವೈದ್ಯರೊಬ್ಬರು

ರುಚಿಯ ನಡುವೆ ಒಂದು ಕಹಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರು ಫಾವಾ ಕಾಳನ್ನು ತಿನ್ನಲೇಬಾರದು. ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ತೀವ್ರ ರಕ್ತಹೀನತೆ ಆಗಬಹುದು. ನಮ್ಮ ಅವರೆ ತಿಂದು ಏನೂ ಆಗಿಲ್ಲವೆಂಬುದು ಇಲ್ಲಿ ಲೆಕ್ಕಕ್ಕೆ ಬಾರದು, ಎರಡೂ ಬೇರೆ ಬೇರೆ ಸಸ್ಯಗಳು. ಮನೆಯಲ್ಲಿ ಯಾರಿಗಾದರೂ ಈ ಕೊರತೆ ಇದೆಯೆಂದು ಗೊತ್ತಿದ್ದರೆ ಹೊರಡುವ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಅಮ್ಮಾನ್‌ಗೆ ಎರಡು ಸಲ ಹೋಗಿಬಂದವರು

ಹಳೆಯ ಪೇಟೆಯಲ್ಲಿರುವ ‘ಹಾಶೆಮ್’ಗೆ ಹೋಗಿ. 1950ರ ದಶಕದಿಂದ ಇರುವ ಜಾಗ, ಓಣಿಯಲ್ಲೇ ಮೇಜು ಕುರ್ಚಿ, ಮಾಂಸದ ಸುಳಿವಿಲ್ಲ. ಹುಮ್ಮುಸ್ (ಬೇಯಿಸಿದ ಕಡಲೆ, ಎಳ್ಳು ನುಣ್ಣಗೆ ಅರೆದದ್ದು), ಫೂಲ್, ಫಲಾಫೆಲ್ (ಇಲ್ಲಿ ಕಡಲೆಯದೇ), ಹಸಿ ಈರುಳ್ಳಿ, ಟೊಮೆಟೊ, ಪುದೀನ, ಸಿಹಿ ಚಹಾ. ಮೊದಲ ಸಲ ನಾನು ಸರದಿ ಕಾಯುತ್ತಾ ಸಭ್ಯವಾಗಿ ನಿಂತೇ ಇದ್ದೆ. ಹಿಂದಿನಿಂದ ಬಂದ ಮೂರು ಕುಟುಂಬಗಳು ಉಂಡು ಎದ್ದು ಹೋದವು. ಖಾಲಿ ಕುರ್ಚಿ ಕಂಡರೆ ಕೂತುಬಿಡಿ, ಉಳಿದದ್ದು ತಾನಾಗಿ ಬರುತ್ತದೆ.

ಪ್ರವಾಸಿಗರು ತುಂಬಿದ್ದಾರೆ ಎಂದು ಅಲ್ಲಿಗೆ ಬೇಡವೆನ್ನುವವರಿದ್ದಾರೆ. ಪಕ್ಕದ ಮೇಜಿನಲ್ಲಿ ಪೇಟೆಯ ಕೂಲಿಯವರೂ ಕೂತಿರುತ್ತಾರಲ್ಲ, ನನಗೆ ಅಷ್ಟು ಸಾಕು. ಇನ್ನೊಂದು ಬೆಳಿಗ್ಗೆ ಯಾವುದಾದರೂ ‘ಫುರ್ನ್’, ಅಂದರೆ ಒಲೆಯಂಗಡಿಗೆ ಹೋಗಿ ಝಅತರ್ ಮನಾಕೀಶ್ ತಿನ್ನಿ. ಝಅತರ್ ಎಂಬ ಒಣ ಎಲೆಯ ಪುಡಿ, ಎಳ್ಳು, ಆಲಿವ್ ಎಣ್ಣೆ ಸವರಿ ಸುಟ್ಟ ರೊಟ್ಟಿ ಅದು. ಲೆಬನಾನಿನ ಮನೂಶೆ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಅದೂ ಇದೂ ಒಂದೇ ಮನೆತನ.

ದೋಹಾದಲ್ಲಿರುವ ಉಡುಪಿಯವರು

ವಿಮಾನ ನಿಲ್ದಾಣದಿಂದ ಮೆಟ್ರೊದ ಕೆಂಪು ಮಾರ್ಗದಲ್ಲಿ ಮುಶೈರಿಬ್, ಅಲ್ಲಿ ಬದಲಿಸಿ ಚಿನ್ನದ ಮಾರ್ಗದಲ್ಲಿ ಒಂದೇ ನಿಲ್ದಾಣ, ಸೂಕ್ ವಾಕಿಫ್ ಎಂಬ ಹಳೆಯ ಪೇಟೆ. ಶುಕ್ರವಾರ ಬೆಳಿಗ್ಗೆ ಮಾತ್ರ ಬೇಡ. ಮೆಟ್ರೊ ತಡವಾಗಿ ಆರಂಭವಾಗುತ್ತದೆ, ನಿಮ್ಮ ತಂದೆಯವರು ಮಾತು ನಿಲ್ಲಿಸಿಯಾರು.

ಸೂಕಿನೊಳಗೆ ಕತಾರಿನ ಮಹಿಳೆ ಶಮ್ಸ್ ಅಲ್-ಕಸ್ಸಾಬಿಯವರ ‘ಶಾಯ್ ಅಲ್-ಶಮೂಸ್’ ಇದೆ, ಇಲ್ಲಿನ ಮನೆಗಳ ತಿಂಡಿ ಸಿಗುತ್ತದೆ. ‘ಬಲಾಲೀತ್’ ನಿಮಗೆ: ಏಲಕ್ಕಿ, ಕೇಸರಿ ಹಾಕಿದ ಸಿಹಿ ಶಾವಿಗೆ, ಮೇಲೆ ಆಮ್ಲೆಟ್ಟಿನ ಹೊದಿಕೆ. ಸಿಹಿ ಶಾವಿಗೆಗೆ ಆಮ್ಲೆಟ್ಟೇ ಎಂದು ನಾನೂ ಮುಖ ಸಿಂಡರಿಸಿದ್ದೆ. ಈಗ ತಿಂಗಳಿಗೆರಡು ಸಲ ಅದಕ್ಕೆಂದೇ ಹೋಗುತ್ತೇನೆ. ತಂದೆಯವರಿಗೆ ‘ಬಿದೂನ್ ಬೈದ್’, ಮೊಟ್ಟೆ ಇಲ್ಲದೆ, ಎಂದು ಮೊದಲೇ ಹೇಳಿ. ಖಾರ ಬೇಕಾದರೆ ‘ದಂಗೊ’, ಮೆಣಸಿನಕಾಯಿ ಹಾಕಿ ಬೇಯಿಸಿದ ಕಡಲೆಕಾಳು.

ಎಚ್ಚರ ಇರಬೇಕಾದದ್ದು ‘ರಿಗಾಗ್’ ವಿಷಯದಲ್ಲಿ. ಕಾದ ಹಂಚಿನ ಮೇಲೆ ಹಿಟ್ಟನ್ನು ಕೈಯಿಂದ ತೆಳ್ಳಗೆ ಬಳಿಯುವುದನ್ನು ಕಂಡರೆ ಗರಿಗರಿ ದೋಸೆಯೆಂದು ಯಾರಾದರೂ ಮೋಸಹೋಗುತ್ತಾರೆ. ಅದರ ಮೇಲೆ ಸವರುವ ಕಂದು ಬಣ್ಣದ ‘ಮೆಹ್ಯಾವ’ ಹುಣಸೆ ಚಟ್ನಿಯಲ್ಲ, ಮೀನಿನ ರಸ. ನನ್ನ ಅತ್ತೆಯವರು ಅರ್ಧ ತಿಂದ ಮೇಲೆ ನನಗೆ ಗೊತ್ತಾಯಿತು. ಅವರಿಗೆ ಇನ್ನೂ ಗೊತ್ತಿಲ್ಲ.

ಕುಡಿಯಲು ಕರಕ್. ನಮ್ಮ ‘ಕಡಕ್ ಚಹಾ’ ಸಮುದ್ರ ದಾಟಿ ಉಚ್ಚಾರ ಬದಲಿಸಿಕೊಂಡದ್ದು: ಡಬ್ಬಿ ಹಾಲು, ಏಲಕ್ಕಿ, ಧಾರಾಳ ಸಕ್ಕರೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಅಗಸೆ ಎಣ್ಣೆಗೆ ತಲೆಯಾಡಿಸಿದರು, ಕರಕ್‌ಗೆ ಒಪ್ಪಿದರು. ಆಮೇಲೆ, “ದೋಹಾ ಕೊನೆಗೆ ತಾನೆ? ಅಲ್ಲಿಯವರೆಗೆ ಹಾಲು ಹಾಕಿದ ಚಹಾ ಎಲ್ಲಿ?” ಎಂದರು.

ಧಾರವಾಡದವರು

ಕೈರೋದ ಚಹಾ ಅಂಗಡಿಗಳಲ್ಲಿ ‘ಶಾಯ್ ಬಿ ಲಬನ್’ ಎಂದು ಕೇಳಿ, ಹಾಲಿನ ಚಹಾ ಬರುತ್ತದೆ. ಆದರೆ ಆ ಪದವನ್ನು ಅಮ್ಮಾನ್‌ಗೆ ಒಯ್ಯಬೇಡಿ. ಅಲ್ಲಿ ಲಬನ್ ಎಂದರೆ ಮೊಸರು, ಹಾಲಿಗೆ ‘ಹಲೀಬ್’ ಎನ್ನಬೇಕು.