13 ಅಡಿ ಗೋಡೆ, 5 ಅಡಿ ಚಿಕ್ಕಮ್ಮ

‘ಲಕ್ಷ್ಮೀಪುರಂ ಮನೆ’ ಗುಂಪು, ಶನಿವಾರ ರಾತ್ರಿ

ದೊಡ್ಡಣ್ಣ: ಮೇಲೆ ಹಾಕಿರುವ ವಿಡಿಯೊ ಎಲ್ಲರೂ ಪೂರ್ತಿ ನೋಡಿ. ನೆಲದಿಂದ ಸೂರಿನವರೆಗೆ ಕಪಾಟು, ಹಳಿ ಮೇಲೆ ಓಡುವ ಏಣಿ. ಲಕ್ಷ್ಮೀಪುರಂನ ನಮ್ಮ ಹಳೆ ಮನೆಯ ಅಡುಗೆಮನೆಯೂ 13 ಅಡಿ ಎತ್ತರ ಇದೆ. ಮೇಲಿನ ಅರ್ಧ ಗೋಡೆ ಸುಮ್ನೆ ಹಾಳಾಗುತ್ತಿದೆ. ಸೋಮವಾರ ಬಡಗಿಗೆ ಇದೇ ತೋರಿಸಿ ಶುರು ಮಾಡಿಸೋಣ ಅಂತಿದ್ದೇನೆ.

ಅತ್ತಿಗೆ: ನನಗಂತೂ ತುಂಬಾ ಹಿಡಿಸಿತು. ಕಪಾಟಿನ ಮೇಲೆ ಜಾಗ ಬಿಟ್ಟರೆ ಒಗ್ಗರಣೆ ಜಿಡ್ಡು, ಧೂಳು ಎರಡೂ ಸೇರಿ ಅಂಟಾಗಿ ಕೂರುತ್ತದೆ. ನಮ್ಮ ಫ್ಲಾಟಿನಲ್ಲಿ ಸೂರಿನವರೆಗೂ ಮುಚ್ಚಿಸಿದ್ದೇವೆ. ಒರೆಸುವ ಗೋಳೇ ಇಲ್ಲ.

ಮಾವ: ದಸರಾ ಗೊಂಬೆಗಳ ಪೆಟ್ಟಿಗೆ ಒಟ್ಟು ಹನ್ನೊಂದು ಇವೆ. ಹಿತ್ತಾಳೆ ಕೊಳಗ, ಕೊಪ್ಪರಿಗೆ ಬೇರೆ. ಎಲ್ಲ ಮೇಲೆ ಹೋಗಲಿ. ನನ್ನ ಒಪ್ಪಿಗೆ ಇದೆ.

ನಾನು: ದಯವಿಟ್ಟು ಸೋಮವಾರವೇ ಹೇಳಬೇಡಿ. ವಿಡಿಯೊ ಎರಡು ಸಲ ನೋಡಿದೆ. ಅದರಲ್ಲಿ ಯಾರೂ ಅಡುಗೆ ಮಾಡುತ್ತಿಲ್ಲ. ಅಣ್ಣ, ನಿಮ್ಮ ಫ್ಲಾಟಿನ ಸೂರು ಇರುವುದು ಒಂಬತ್ತೂವರೆ ಅಡಿಗೆ. ಅಲ್ಲಿ ಕೊನೆಯ ಕಪಾಟಿಗೆ ಒಂದು ಸ್ಟೂಲ್ ಸಾಕು. ಇಲ್ಲಿ ಅದೇ ಕಪಾಟು 13 ಅಡಿಗೆ ಹೋಗುತ್ತದೆ. ಆ ಹಳೆ ಮನೆಯಲ್ಲಿ ದಿನಾ ಅಡುಗೆ ಮಾಡುವವರು ಚಿಕ್ಕಮ್ಮ. ಅವರ ಎತ್ತರ 5 ಅಡಿ, ವಯಸ್ಸು 68. ಅಳತೆ ಅವರಿಂದ ಶುರುವಾಗಬೇಕು. ನಾವು ಸೂರಿನಿಂದ ಶುರು ಮಾಡಿದ್ದೇವೆ.

ದೊಡ್ಡಣ್ಣ: ಅದಕ್ಕೇ ಏಣಿ ಇದೆಯಲ್ಲ.

ನಾನು: ಏಣಿ ಓಡುವುದು ಅಜ್ಜಿ ಹಾಕಿಸಿದ ಕೆಂಪು ಗಾರೆ ನೆಲದ ಮೇಲೆ. ಒಂದು ತೊಟ್ಟು ಎಣ್ಣೆ ಬಿದ್ದರೆ ಅಲ್ಲಿ ಬರಿಗಾಲೇ ಜಾರುತ್ತದೆ. ಒಂದು ಕೈಯಲ್ಲಿ ಡಬ್ಬ ಹಿಡಿದು, ಇನ್ನೊಂದು ಕೈಯಲ್ಲಿ ಏಣಿ ಹಿಡಿದು ಇಳಿಯುವುದನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ.

ಅತ್ತಿಗೆ: ಚಿಕ್ಕಮ್ಮ ಏಣಿ ಹತ್ತಲಿ ಅಂತ ಯಾರೂ ಹೇಳಿಲ್ಲ. ವರ್ಷಕ್ಕೊಮ್ಮೆ ಬೇಕಾಗುವುದನ್ನು ಮೇಲಿಡೋಣ ಅಂದೆವು, ಅಷ್ಟೇ.

ನಾನು: ಸರಿ ಅತ್ತಿಗೆ. ಹಾಗಾದರೆ ವರ್ಷಕ್ಕೊಮ್ಮೆ ಬೇಕಾಗುವುದಕ್ಕೆ ಎಷ್ಟು ಜಾಗ ಬೇಕು? ಗೋಡೆ 11 ಅಡಿ ಉದ್ದ. 7 ಅಡಿಯಿಂದ 13 ಅಡಿವರೆಗೆ ಕಪಾಟು ಮಾಡಿದರೆ ಒಂದು ಗೋಡೆಗೇ 66 ಚದರ ಅಡಿ. ಬಡಗಿ ಚದರ ಅಡಿಗೆ 1,500 ಹೇಳಿದ್ದಾರೆ. ಹತ್ತಿರ ಹತ್ತಿರ ಒಂದು ಲಕ್ಷ, ಒಂದು ಗೋಡೆಗೆ, ಕೈಗೆ ಸಿಗದ ಜಾಗಕ್ಕೆ. ಪ್ಲೈವುಡ್ ಹಾಳೆ ಬರುವುದು 8 ಅಡಿಗೆ 4 ಅಡಿ. ಹಾಗಾಗಿ ವಿಡಿಯೊದಲ್ಲಿ ಕಾಣುವಂಥ ಒಂದೇ ಉದ್ದನೆಯ ಬಾಗಿಲು ನಮ್ಮ ಬಡಗಿಯ ಕೈಯಲ್ಲಿ ಆಗದು. ನಡುವೆ ಜೋಡಣೆ ಬರುತ್ತದೆ. ಬಾಗಿಲು ಉದ್ದ ಆದಷ್ಟೂ ಹಿಂಜು ಜಾಸ್ತಿ, ಬಾಗುವ ಭಯವೂ ಜಾಸ್ತಿ.

ಮಾವ: ದುಡ್ಡಿನ ಮಾತು ಬಿಡು. ಮನೆ ಮತ್ತೆ ಮತ್ತೆ ಮಾಡಿಸುವುದಿಲ್ಲ.

ನಾನು: ಬಿಟ್ಟೆ ಮಾವ. ಹಾಗಾದರೆ ಸೂರಿನ ಮಾತಾಡೋಣ. ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮದು ಕಾಂಕ್ರೀಟ್ ಸೂರಲ್ಲ, ಮದ್ರಾಸ್ ತಾರಸಿ. ಮರದ ಜಂತೆಗಳು, ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ನಿಲ್ಲಿಸಿದ ಇಟ್ಟಿಗೆ. ಹೋದ ಮಳೆಗಾಲದಲ್ಲಿ ಮೂಲೆಯ ಜಂತೆ ಹತ್ತಿರ ಒದ್ದೆ ಕಂಡಿದ್ದು ಯಾರಿಗೆ? ಚಿಕ್ಕಮ್ಮನಿಗೆ. ಹಾಲು ಕಾಯಿಸುತ್ತಾ ತಲೆ ಎತ್ತಿದರು, ಕಂಡಿತು. ಅದೇ ವಾರ ತಾರಸಿ ಬಿರುಕು ಮುಚ್ಚಿಸಿದೆವು. ಸೂರಿನವರೆಗೆ ಕಪಾಟು ಹೊಡೆದರೆ ಒದ್ದೆಯೂ ಕಾಣುವುದಿಲ್ಲ, ಗೆದ್ದಲೂ ಕಾಣುವುದಿಲ್ಲ. ಗೋಡೆಯಿಂದ ಪ್ಲೈವುಡ್‌ಗೆ, ಪ್ಲೈವುಡ್‌ನಿಂದ ಜಂತೆಗೆ ಗೆದ್ದಲಿಗೆ ನೇರ ದಾರಿ ಮಾಡಿಕೊಟ್ಟಂತೆ.

ಇನ್ನು ಪೂರ್ವದ ಗೋಡೆಯಲ್ಲಿ ಎರಡು ಗಾಳಿ ಕಿಂಡಿಗಳಿವೆ, ಹತ್ತು ಅಡಿ ಎತ್ತರದಲ್ಲಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲೂ ಆ ಅಡುಗೆಮನೆಯಲ್ಲಿ ನಿಲ್ಲಲು ಆಗುವುದು ಅದರಿಂದಲೇ. ಪ್ಲೇಗ್ ಬಂದುಹೋದ ಮೇಲೆ ಮೈಸೂರಿಗೆ 1903ರಲ್ಲಿ ನಗರ ಸುಧಾರಣೆಗೆ ಅಂತಲೇ ಟ್ರಸ್ಟ್ ಬೋರ್ಡ್ ಬಂತು. ಇಕ್ಕಟ್ಟು ಬಿಡಿಸಿ ಗಾಳಿ ಬೆಳಕು ಕೊಡಬೇಕು ಅನ್ನುವುದು ಆಗಿನವರ ದೊಡ್ಡ ಚಿಂತೆ. ಅಂಥ ಊರಿನಲ್ಲಿ ಕಿಂಡಿ ಮುಚ್ಚಿ ಡಬ್ಬ ಇಡೋಣ ಅಂದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ದೊಡ್ಡಣ್ಣ: ಚಿಮಣಿ ಹಾಕಿಸುತ್ತೇವಲ್ಲ.

ನಾನು: ಹಾಕಿಸೋಣ. ಅದು ಒಲೆಯಿಂದ 26ರಿಂದ 30 ಇಂಚು ಮೇಲೆ ಇರುತ್ತದೆ, ಒಲೆಯ ಹೊಗೆ ಎಳೆಯುತ್ತದೆ. ಕರೆಂಟು ಹೋದಾಗ? ಕುಕ್ಕರಿನ ಆವಿ, ಸಿಂಕಿನ ತೇವ, ಇದೆಲ್ಲ ಕಿಂಡಿಯ ಪಾಲು.

ಅತ್ತಿಗೆ: ಸರಿ, ಕಿಂಡಿ ಮುಚ್ಚುವುದು ಬೇಡ, ಒಪ್ಪಿದೆ. ಆದರೆ ಜಿಡ್ಡಿನ ಮಾತಿಗೆ ನೀನು ಉತ್ತರ ಕೊಡಲೇ ಇಲ್ಲ. ಒರೆಸುವವರೂ ಚಿಕ್ಕಮ್ಮನೇ ಅಲ್ವಾ?

ನಾನು: ಅದು ನಿಜ. ಅದನ್ನು ನಾನು ಯೋಚಿಸಿರಲಿಲ್ಲ. ಕಪಾಟಿನ ನೆತ್ತಿ ಮೇಲೆ ದಪ್ಪ ಕಾಗದ ಹಾಸಿ ಹಬ್ಬಕ್ಕೊಮ್ಮೆ ಬದಲಿಸಬಹುದು. ಅದಕ್ಕೂ ಯಾರಾದರೂ ಹತ್ತಬೇಕು. ಯುಗಾದಿಗೆ, ದೀಪಾವಳಿಗೆ ನಾನು ಬಂದು ಮಾಡುತ್ತೇನೆ. ಇದನ್ನು ಬರೆದು ಇಟ್ಟುಕೊಳ್ಳಿ.

ಮಾವ: ನನ್ನ ಗೊಂಬೆಗಳು?

ನಾನು: ಮಾವ, ಗೊಂಬೆಗಳನ್ನು ಬಿಟ್ಟು ಯೋಚನೆ ಮಾಡಿಲ್ಲ. ಅಜ್ಜಿಯ ಪಟ್ಟದ ಗೊಂಬೆ ಇರುವ ಪೆಟ್ಟಿಗೆ ಅದು. ಉಗ್ರಾಣದ ಕಡೆಯ ಗೋಡೆಯಲ್ಲಿ ಕಿಂಡಿ ಇಲ್ಲ, ಒಲೆಯೂ ದೂರ. ಆ ಒಂದು ಗೋಡೆಯಲ್ಲಿ ಮಾತ್ರ ಏಳೂವರೆಯಿಂದ ಹತ್ತು ಅಡಿವರೆಗೆ ಬೇರೆ ಬಾಗಿಲಿನ ಅಟ್ಟ ಮಾಡಿಸೋಣ. ಮೇಲೆ ಮೂರು ಅಡಿ ಖಾಲಿ ಇರಲಿ, ಜಂತೆ ಕಾಣಲಿ. ಬಾಗಿಲು ಪಕ್ಕಕ್ಕೆ ತೆರೆಯುವಂಥದ್ದು. ಮೇಲಕ್ಕೆ ಎತ್ತುವ ಬಾಗಿಲಾದರೆ ಮುಚ್ಚುವಾಗ ಏಣಿ ಮೇಲೆ ನಿಂತವರಿಗೆ ಅದರ ತುದಿ ಎಟುಕುವುದಿಲ್ಲ. ಕೊಳಗ, ಕೊಪ್ಪರಿಗೆ ಮಾತ್ರ ಮೇಲೆ ಬೇಡವೇ ಬೇಡ. ಅವು ನೆಲದ ಖಾನೆಗೆ.

ಇನ್ನೊಂದು ವಿಷಯ. ಹಳೆ ಗೋಡೆಯ ಸುಣ್ಣದ ಗಾರೆಯಲ್ಲಿ ಸ್ಕ್ರೂಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಗಟ್ಟಿಯಾಗಿ ಹಿಡಿಯುವುದಿಲ್ಲ. ನಾನು ಮೊದಲು ಬಾಡಿಗೆಗಿದ್ದ ಹಳೆ ಮನೆಯಲ್ಲಿ ಗೋಡೆ ಕಪಾಟು ಒಂದು ಮಧ್ಯಾಹ್ನ ಪೂರ್ತಿ ಕೆಳಗೆ ಬಂತು, ಅಕ್ಕಿ ಡಬ್ಬ ಸಮೇತ. ಪುಣ್ಯಕ್ಕೆ ನಾನು ಹಾಲ್‌ನಲ್ಲಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ಅಟ್ಟದ ಭಾರ ಗೋಡೆ ಮೇಲೆ ಬೀಳಬಾರದು. ನೆಲದಿಂದ ನಿಂತ ಕಪಾಟಿನ ಮೇಲೆ ಕೂರಬೇಕು.

ದೊಡ್ಡಣ್ಣ: ಉಳಿದ ಗೋಡೆಗೆ ನಿನ್ನ ಅಳತೆ ಏನು? ಬಡಗಿ ಕಟ್ಟೆ 34 ಇಂಚು ಅಂದಿದ್ದಾನೆ.

ನಾನು: ಚಿಕ್ಕಮ್ಮನಿಗೆ 32 ಸಾಕು. 34 ಆದರೆ ಚಪಾತಿ ಲಟ್ಟಿಸುವಾಗ ಭುಜ ಎತ್ತಿಕೊಂಡೇ ಇರಬೇಕು. ಕಟ್ಟೆಯಿಂದ 20 ಇಂಚು ಬಿಟ್ಟು ಗೋಡೆ ಕಪಾಟು, ಅದರ ಎತ್ತರ 30 ಇಂಚು. ಒಟ್ಟು 82 ಇಂಚು, 7 ಅಡಿಗೂ ಕಡಿಮೆ. ಕೆಳಗಿನ ಎರಡು ಹಲಗೆ ದಿನದ ಬಳಕೆಗೆ. ಮೇಲಿನದು ಉಪ್ಪಿನಕಾಯಿ ಜಾಡಿಗೂ ಬೇಡ, ಖಾಲಿ ಡಬ್ಬಗಳಿಗೆ ಇರಲಿ.

ದೊಡ್ಡಣ್ಣ: ಚಿಕ್ಕಮ್ಮ, ನೀವು ಓದುತ್ತಿದ್ದೀರಿ ಅಂತ ನೀಲಿ ಟಿಕ್ ತೋರಿಸುತ್ತಿದೆ. ಏನಾದರೂ ಹೇಳಿ.

ಚಿಕ್ಕಮ್ಮ: ಪೆನ್ಸಿಲ್ ಹುಡುಕುತ್ತಿದ್ದೆ. ಗೋಡೆ ಪಕ್ಕ ನಿಂತು ಕೈ ಚಾಚಿ ಗೆರೆ ಎಳೆದೆ. 6 ಅಡಿ 1 ಇಂಚು. ಕಟ್ಟೆ ಮುಂದೆ ನಿಂತು ಚಾಚಿದರೆ 5 ಅಡಿ 8. ಬಡಗಿ ಬಂದಾಗ ಎರಡೂ ಗೆರೆ ತೋರಿಸುತ್ತೇನೆ. ಅಟ್ಟ ಆಗಲಿ, ಕಿಂಡಿ ಇರಲಿ. ನನಗೆ ಮೇಲಿನದಕ್ಕಿಂತ ಕೆಳಗಿನದರ ಚಿಂತೆ. ಗ್ರೈಂಡರ್ ಎತ್ತಿ ಎತ್ತಿ ಸೊಂಟ ನೋಯುತ್ತದೆ. ಅದಕ್ಕೆ ಒಂದೂವರೆ ಅಡಿ ಎತ್ತರದಲ್ಲಿ ಒಂದು ಕಡೆ ಖಾಯಂ ಜಾಗ ಮಾಡಿಸಿ. ಪಕ್ಕದಲ್ಲೇ ಕರೆಂಟ್ ಪ್ಲಗ್ ಇರಲಿ.

ದೊಡ್ಡಣ್ಣ: ಪ್ಲಗ್ ಎಡಗಡೆಗಾ, ಬಲಗಡೆಗಾ?

ಚಿಕ್ಕಮ್ಮ: ಎಡಗಡೆಗೆ. ಬಲಗಡೆ ಸಿಂಕ್ ಬರುತ್ತದೆ.