ದಾರಿ ತಕರಾರಿನ ನೋಟೀಸಿಗೆ ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಉತ್ತರ ಸಾಕೇ, ವಕೀಲರು ಬೇಕೇ?

ತೋಟದವ, ಬದಿಯಡ್ಕ:

ನಮ್ಮ ತಾಯಿಯ ಹೆಸರಿನಲ್ಲಿರುವ ಅಡಿಕೆ ತೋಟಕ್ಕೆ ಇಳಿಯುವ ಕಾಲುದಾರಿ ನೆರೆಯವರ ಜಾಗದ ಅಂಚಿನಲ್ಲಿ ಹಾದುಹೋಗುತ್ತದೆ. ಅಜ್ಜನ ಕಾಲದಿಂದಲೂ ಅಡಿಕೆ ಗೋಣಿ ಹೊತ್ತು ತರುವುದು ಅದರಲ್ಲಿಯೇ. ಕಳೆದ ತಿಂಗಳು ಅವರು ತಡಮೆಯನ್ನು (ಬೇಲಿಯಲ್ಲಿ ಜನ ದಾಟುವ ಕಂಡಿಯನ್ನು) ಕಿತ್ತು ಗೋಡೆಗೆಂದು ಮುರಕಲ್ಲು ಇಳಿಸಿದ್ದಾರೆ. ಹದಿನೈದು ದಿನಗಳೊಳಗೆ ದಾರಿಯ ಬಳಕೆ ನಿಲ್ಲಿಸಬೇಕೆಂದು ವಕೀಲರ ನೋಟೀಸೂ ಬಂದಿದೆ. ನನ್ನ ಅಕ್ಕನ ಮಗ ಚಾಟ್‌ಜಿಪಿಟಿಗೆ ಕನ್ನಡದಲ್ಲಿ ವಿಷಯ ತಿಳಿಸಿ ಎರಡೇ ನಿಮಿಷದಲ್ಲಿ ಉತ್ತರ ಬರೆಸಿಕೊಟ್ಟ. ಅದರ ಮುಖ್ಯ ಸಾಲು ಹೀಗಿದೆ: 'ತಮ್ಮ ಹಿರಿಯರ ದೊಡ್ಡ ಮನಸ್ಸಿನ ಅನುಮತಿಯಿಂದ ನಮ್ಮ ಕುಟುಂಬವು ಅರುವತ್ತು ವರ್ಷಗಳಿಂದ ಈ ದಾರಿಯನ್ನು ಬಳಸುತ್ತಾ ಬಂದಿದೆ.' ಕೊನೆಯಲ್ಲಿ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಮುಗಳೂ ಎರಡು ಹೈಕೋರ್ಟ್ ತೀರ್ಪುಗಳೂ ಇವೆ, ಪಹಣಿ ಹಾಜರುಪಡಿಸಬೇಕೆಂಬ ಸಲಹೆಯೂ ಇದೆ. ಹಿಂದೆ ಒಂದು ದಾವೆಯಲ್ಲಿ ನಮ್ಮ ವಕೀಲರು ವಾಯಿದೆಯ ಮೇಲೆ ವಾಯಿದೆ ಪಡೆದು ನಮ್ಮನ್ನು ಸುಸ್ತು ಮಾಡಿದ್ದರಿಂದ ಈ ಸಲ ಇದನ್ನೇ ಅಂಚೆಯಲ್ಲಿ ಕಳುಹಿಸೋಣವೆಂದಿದ್ದೇನೆ. ತಿಳಿದವರು ಅಭಿಪ್ರಾಯ ತಿಳಿಸಬೇಕು.

ವಕೀಲೆ, ಕಾಸರಗೋಡು:

ದಯವಿಟ್ಟು ಕಳುಹಿಸಬೇಡಿ. ನೀವು ಮೆಚ್ಚಿಕೊಂಡು ಇಲ್ಲಿ ಬರೆದ ಆ ಒಂದು ಸಾಲೇ ನಿಮ್ಮ ಹಕ್ಕನ್ನು ಮುಳುಗಿಸುತ್ತದೆ. 1882ರ ಭಾರತೀಯ ಅನುಭೋಗ ಹಕ್ಕುಗಳ (ಇನ್ನೊಬ್ಬರ ಜಾಗವನ್ನು ಬಳಸುವ ಹಕ್ಕುಗಳ) ಕಾಯ್ದೆಯ 15ನೇ ಕಲಮಿನಂತೆ ದಾರಿಯ ಹಕ್ಕು ದೊರೆಯಬೇಕಾದರೆ ಇಪ್ಪತ್ತು ವರ್ಷ ಅದನ್ನು ಬಹಿರಂಗವಾಗಿ, ಶಾಂತಿಯಿಂದ, ತಡೆಯಿಲ್ಲದೆ, ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಹಕ್ಕೆಂದೇ ಬಳಸಿರಬೇಕು. ಅನುಮತಿ ಪಡೆದು ನಡೆದವರಿಗೆ, ಅರುವತ್ತು ವರ್ಷ ನಡೆದಿದ್ದರೂ, ಆ ಹಕ್ಕು ಹುಟ್ಟುವುದಿಲ್ಲ. ಯಂತ್ರವು ಸೌಜನ್ಯಕ್ಕೆಂದು ಸೇರಿಸಿದ 'ಅನುಮತಿ' ಎಂಬ ಪದವನ್ನು ಎದುರು ಪಕ್ಷದ ವಕೀಲರು ಪಾಟೀಸವಾಲಿನ ದಿನ ನಿಮ್ಮ ತಾಯಿಯ ಮುಂದೆ ಹಿಡಿದು 'ಇದು ನೀವೇ ಕಳುಹಿಸಿದ ಉತ್ತರ ತಾನೇ' ಎಂದು ಕೇಳಿದರೆ, ಅದು ನಿಮ್ಮದೇ ಒಪ್ಪಿಗೆಯಾಗಿ ದಾಖಲೆಗೆ ಸೇರುತ್ತದೆ.

ಎರಡನೆಯದಾಗಿ, ನೀವು ಕನ್ನಡದಲ್ಲಿ ಕೇಳಿದ್ದರಿಂದ ಅದು ನಿಮ್ಮನ್ನು ಕರ್ನಾಟಕದವರೆಂದು ತಿಳಿದಂತಿದೆ. ಕೇರಳದಲ್ಲಿರುವ ನಮ್ಮ ಗ್ರಾಮ ಕಚೇರಿಯಲ್ಲಿ ಪಹಣಿ ಎಲ್ಲಿಂದ ಬರಬೇಕು? ನೀವು ತೋರಿಸಬೇಕಾದದ್ದು ಆಧಾರ (ಆಸ್ತಿಯ ಹಕ್ಕುಪತ್ರ), ತೀರ್ವೆ (ಭೂಕಂದಾಯ) ರಶೀದಿ ಮತ್ತು ಸ್ವಾಧೀನ ಪ್ರಮಾಣಪತ್ರ. (ಗಡಿನಾಡಿನವರನ್ನು ಮನುಷ್ಯರೇ ಹೀಗೆ ತಪ್ಪು ತಿಳಿಯುವಾಗ ಯಂತ್ರವನ್ನು ದೂರಿ ಫಲವಿಲ್ಲ.) ತೀರ್ಪುಗಳ ಮೂಲ ಪ್ರತಿ ಕೈಗೆ ಸಿಗುವವರೆಗೆ ಅವು ಇವೆಯೆಂದು ನಂಬಬೇಡಿ. 2023ರಲ್ಲಿ ನ್ಯೂಯಾರ್ಕಿನ ವಕೀಲರಿಬ್ಬರು ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ದಾವೆಯಲ್ಲಿ ಚಾಟ್‌ಜಿಪಿಟಿ ಕಲ್ಪಿಸಿಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5000 ಡಾಲರ್ ದಂಡಕ್ಕೆ ಗುರಿಯಾದರು.

ಒಂದು ವಿಷಯ ತಿಳಿಸಿ: ನಿಮ್ಮ ಜಾಗವೂ ನೆರೆಯವರದ್ದೂ ಹಿಂದೆ ಒಂದೇ ಆಸ್ತಿಯಾಗಿತ್ತೇ?

ತೋಟದವ, ಬದಿಯಡ್ಕ:

ಹೌದು, ಅಜ್ಜನೂ ಅವರ ಅಣ್ಣನೂ 1948ರಲ್ಲಿ ಪಾಲಾದದ್ದು. ಕೈಬರಹದ ಕನ್ನಡ ಪಾಲುಪಟ್ಟಿ ಪೆಟ್ಟಿಗೆಯಲ್ಲಿದೆ. ಯಂತ್ರವು ಇದನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಕೀಲೆ, ಕಾಸರಗೋಡು:

ಹಾಗಾದರೆ ನಿಮ್ಮ ದಾವೆಯ ಸ್ವರೂಪವೇ ಬದಲಾಗುತ್ತದೆ. ಒಂದಾಗಿದ್ದ ಆಸ್ತಿ ಪಾಲಾದಾಗ ಒಂದು ಪಾಲಿನವರಿಗೆ ಇನ್ನೊಂದರ ಮೂಲಕವಲ್ಲದೆ ಹೋಗಲು ಬೇರೆ ದಾರಿಯಿಲ್ಲದಿದ್ದರೆ ಅದೇ ಕಾಯ್ದೆಯ 13ನೇ ಕಲಮು ಅನ್ವಯಿಸುತ್ತದೆ, ಅಲ್ಲಿ ಇಪ್ಪತ್ತು ವರ್ಷದ ಲೆಕ್ಕವೇ ಬೇಡ. ವಕೀಲರ ಕೆಲಸವೆಂದರೆ ಬರೆಯುವುದಕ್ಕಿಂತ ಹೆಚ್ಚಾಗಿ ಕಕ್ಷಿದಾರರು ಮುಖ್ಯವೆಂದು ತಿಳಿಯದೆ ಬಿಟ್ಟದ್ದನ್ನು ಕೇಳಿ ಹೊರತೆಗೆಯುವುದು. ಗೋಡೆ ಏಳುವ ಮೊದಲೇ ಮುನ್ಸಿಫ್ ನ್ಯಾಯಾಲಯದಲ್ಲಿ ತಡೆಯಾಜ್ಞೆ ಕೋರಿ, ನ್ಯಾಯಾಲಯದ ಪರವಾಗಿ ಸ್ಥಳ ನೋಡಿ ವರದಿ ಕೊಡುವ ಕಮಿಷನರನ್ನು ನೇಮಿಸುವಂತೆ ಅರ್ಜಿ ಹಾಕಬೇಕು. ಸವೆದ ನೆಲ, ತಡಮೆಯ ಗುಂಡಿ, ದಾರಿಯ ಎರಡೂ ಬದಿಯ ಮರಗಳ ವಯಸ್ಸು ಇವೆಲ್ಲ ಕಮಿಷನರ ವರದಿಯಲ್ಲಿ ಬಂದರೆ ಅರ್ಧ ಸಾಕ್ಷ್ಯ ಅಲ್ಲಿಯೇ ಸಿದ್ಧವಾಗುತ್ತದೆ.

ನಿವೃತ್ತ ನ್ಯಾಯಾಲಯ ನೌಕರ, ಮಂಜೇಶ್ವರ:

ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ಜಿಲ್ಲಾ ನ್ಯಾಯಾಲಯಗಳಿಗಾಗಿ ಹೊರಡಿಸಿದ ನೀತಿಯಲ್ಲಿ, ತೀರ್ಮಾನಕ್ಕೆ ಬರಲು ಅಥವಾ ತೀರ್ಪು ಬರೆಯಲು ಕೃತಕ ಬುದ್ಧಿಮತ್ತೆಯನ್ನು ಬಳಸಕೂಡದೆಂದೂ ಯಂತ್ರದ ಅನುವಾದವನ್ನು ಅನುವಾದಕರು ಇಲ್ಲವೇ ನ್ಯಾಯಾಧೀಶರೇ ಪರಿಶೀಲಿಸಬೇಕೆಂದೂ ಹೇಳಲಾಗಿದೆ. ಅನುವಾದದ ಮಾತು ನಮ್ಮ ಜಿಲ್ಲೆಗೆ ಹೆಚ್ಚು ಮುಖ್ಯ. 1956ಕ್ಕಿಂತ ಮೊದಲು ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಹಳೆಯ ಆಧಾರಗಳು ಕನ್ನಡದಲ್ಲಿವೆ. ಶಾಶ್ವತ ಗೇಣಿಯಾದ ಮೂಲಗೇಣಿಯನ್ನೂ ವರ್ಷದಿಂದ ವರ್ಷಕ್ಕೆ ನಡೆಯುವ ಚಾಲಗೇಣಿಯನ್ನೂ ಯಂತ್ರವು ಒಂದೇ ಬಗೆಯ ಬಾಡಿಗೆಯೆಂದು ಅನುವಾದಿಸಿದ್ದನ್ನು ನಾನೇ ನೋಡಿದ್ದೇನೆ.

ಅಧ್ಯಾಪಕ, ಪೆರ್ಲ:

ಯಂತ್ರವನ್ನು ಪೂರ್ತಿ ದೂರವಿಡಬೇಕೆಂದು ನನಗನಿಸುವುದಿಲ್ಲ. ನಮ್ಮ ಪಾಲಿನ ವ್ಯಾಜ್ಯದಲ್ಲಿ ನಲುವತ್ತು ವರ್ಷಗಳ ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಲು ಅದನ್ನೇ ಬಳಸಿದೆ. ಆ ಎರಡು ಹಾಳೆಗಳಿಂದಾಗಿ ವಕೀಲರೊಡನೆ ಮೊದಲ ಭೇಟಿಯಲ್ಲೇ ಕೆಲಸದ ಮಾತು ನಡೆಯಿತು. ಹೆಸರು, ಸರ್ವೆ ನಂಬರುಗಳನ್ನು ಮಾತ್ರ ತೆಗೆದಿದ್ದೆ, ಏಕೆಂದರೆ ವಕೀಲರಿಗೆ ಹೇಳಿದ ಗುಟ್ಟಿಗೆ ಇರುವ ಕಾನೂನಿನ ರಕ್ಷಣೆ ಆ್ಯಪಿಗೆ ಹೇಳಿದ್ದಕ್ಕೂ ಇದೆಯೆಂದು ನಂಬಿ ಕೂರುವ ಧೈರ್ಯ ನನಗಿಲ್ಲ. ಖರ್ಚಿನ ಚಿಂತೆಯಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹತೆಯಿದೆ. ಆಸ್ತಿ ತಾಯಿಯ ಹೆಸರಿನಲ್ಲಿಯೇ ಇದೆಯಲ್ಲ. ತಾಲೂಕು ಕಾನೂನು ಸೇವಾ ಸಮಿತಿಗೆ ಅವರಿಂದಲೇ ಅರ್ಜಿ ಕೊಡಿಸಿ. ದಾವೆಗೆ ಮೊದಲು ನೆರೆಯವರನ್ನು ರಾಜಿಗೆ ಕರೆಸುವ ಏರ್ಪಾಡೂ ಅಲ್ಲಿದೆ.

ತೋಟದವ, ಬದಿಯಡ್ಕ:

ಎಲ್ಲರಿಗೂ ಕೃತಜ್ಞತೆಗಳು. ಲಕೋಟೆಗೆ ಅಂಚೆಚೀಟಿ ಹಚ್ಚಿಯಾಗಿತ್ತು, ಪುಣ್ಯಕ್ಕೆ ಭಾನುವಾರ. ಸೋಮವಾರ ಅಮ್ಮನನ್ನು ಸಮಿತಿಯ ಕಚೇರಿಗೆ ಕರೆದೊಯ್ಯುತ್ತೇನೆ. ಪಾಲುಪಟ್ಟಿಯ ಎರಡನೆಯ ಪುಟದಲ್ಲಿ 'ನೀರು ದಾರಿ ಸಹಿತ' ಎಂದು ಓದಿದಂತಾಗುತ್ತದೆ, ಆದರೆ ಶಾಯಿ ಹರಡಿ ಅಕ್ಷರ ಕೂಡಿಕೊಂಡಿವೆ. ಹಳೆಯ ಮೋಡಿ ಬರಹ (ಅಕ್ಷರ ಕೂಡಿಸಿ ಬರೆಯುವ ಕೈಬರಹ) ಓದಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ?

ನಿವೃತ್ತ ನ್ಯಾಯಾಲಯ ನೌಕರ, ಮಂಜೇಶ್ವರ:

ನಾನೇ ಓದಿಕೊಡುತ್ತೇನೆ. ಫೋಟೋ ಬೇಡ, ಮೂಲ ಪ್ರತಿಯನ್ನೇ ತನ್ನಿ.